ಏಜೆಂಟ್ ಸಾಹೇಬರು ಯಾರ ಕಡೆಯವರು?

ಕೆಲವು ಇಂಗ್ಲಿಷ್ ಪದಗಳು ನಮ್ಮಲ್ಲಿಗೆ ಬಂದು ರೇಷನ್ ಕಾರ್ಡನ್ನೂ ಮಾಡಿಸಿಕೊಂಡುಬಿಟ್ಟಿವೆ. 'ಏಜೆಂಟ್' ಅಂಥದ್ದೊಂದು. ಯಾದಗಿರಿ, ಶಹಾಪುರ, ಸುರಪುರದ ಕಡೆ ಒಂದು ದಿನ ಸುತ್ತಾಡಿ ನೋಡಿ. ಎಲ್‌ಐಸಿ ಏಜೆಂಟ್, ಪೇಪರ್ ಏಜೆಂಟ್, ಅಂಗಡಿ ಅಂಗಡಿಗೆ ಹೋಗಿ ದಿನದ ದುಡ್ಡು ಕಟ್ಟಿಸಿಕೊಳ್ಳೋ ಪಿಗ್ಮಿ ಏಜೆಂಟ್, ಎಪಿಎಂಸಿ ಯಾರ್ಡಿನಲ್ಲಿ ತೊಗರಿ, ಶೇಂಗಾ ಮಾರಿಸಿಕೊಡೋ ಕಮಿಷನ್ ಏಜೆಂಟ್, ಚುನಾವಣೆ ದಿನ ಬೂತಿನೊಳಗೆ ಕೂರೋ ಪೋಲಿಂಗ್ ಏಜೆಂಟ್. ಇತ್ತ ಬೆಂಗಳೂರಿನ ಆಫೀಸಿನಲ್ಲಿ ನಿಮ್ಮ ಬೆಳಗಿನ ಮೀಟಿಂಗಿನಲ್ಲಿ ಮಾತು ಏನಿದ್ದರೂ ಎಐ ಏಜೆಂಟ್ ಬಗ್ಗೆ.

ಪದದ ಬೇರು ಲ್ಯಾಟಿನ್ನಿನ 'ಅಗೆರೆ'. ಅಂದರೆ 'ಮಾಡು', 'ನಡೆಸು'. ಮಜಾ ಇರೋದು ಮುಂದೆ. ಈ ಒಂದೇ ಬೇರಿನಿಂದ ಎರಡು ಉಲ್ಟಾ ಅರ್ಥಗಳು ಹುಟ್ಟಿವೆ. ಕೆಮಿಸ್ಟ್ರಿ ಕ್ಲಾಸಿನ ಆಕ್ಸಿಡೈಸಿಂಗ್ ಏಜೆಂಟ್ ತಾನೇ ಕೆಲಸ ಮಾಡುತ್ತೆ, ಯಾರ ಅಪ್ಪಣೆಗೂ ಕಾಯಲ್ಲ. ಸಮಾಜಶಾಸ್ತ್ರದವರು 'ಏಜೆನ್ಸಿ' ಅನ್ನೋದು ತನ್ನ ಬದುಕನ್ನು ತಾನೇ ನಿರ್ಧರಿಸೋ ಶಕ್ತಿಗೆ. ಆದರೆ ಕಾನೂನಿನ ಏಜೆಂಟ್ ಹಾಗಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 182ನೇ ಕಲಮಿನ ಪ್ರಕಾರ ಆತ ಇನ್ನೊಬ್ಬರ ಪರವಾಗಿ ಕೆಲಸ ಮಾಡೋನು. ಹಿಂದೆ ಯಾವಾಗಲೂ ಒಬ್ಬ ಯಜಮಾನ ಇರಲೇಬೇಕು.

ಏಜೆಂಟ್ ಬರೋ ಮೊದಲು ನಮ್ಮಲ್ಲಿ ಈ ಕೆಲಸಕ್ಕೆ ಜನ ಇರಲಿಲ್ಲ ಅಂತಲ್ಲ. ವಕೀಲ ಅಂದರೆ ಮೊದಲು ಕೋರ್ಟಿನ ಲಾಯರ್ ಅಲ್ಲ, ಒಂದು ದರ್ಬಾರಿನಿಂದ ಇನ್ನೊಂದು ದರ್ಬಾರಿಗೆ ಹೋಗಿ ಮಾತಾಡೋ ಪ್ರತಿನಿಧಿ. ಗುಮಾಸ್ತ ಅಂದರೆ ಯಜಮಾನ ನೇಮಿಸಿದ ಆಳು. ಕಂಪನಿಯ ಕಾಲದಲ್ಲಿ ಬಂಗಾಳದ ನೇಕಾರರಿಂದ ಬಟ್ಟೆ ವಸೂಲಿ ಮಾಡುತ್ತಿದ್ದವರು ಇವರೇ. ಮುಖ್ತಿಯಾರ ಪತ್ರ ಬರೆದುಕೊಟ್ಟರೆ ನಿಮ್ಮ ಸಹಿಯನ್ನು ಇನ್ನೊಬ್ಬ ಹಾಕಬಹುದು. ದಲ್ಲಾಳಿ ಇಬ್ಬರ ನಡುವೆ ನಿಂತು ವ್ಯವಹಾರ ಕುದುರಿಸೋನು. ಇಷ್ಟೂ ಜನರ ಜಾಗದಲ್ಲಿ ಬಂದು ಕೂತಿದ್ದು ಒಂದೇ ಪದ.

ಈ ಸೀಮೆಗೆ ಆ ಪದ ಬಂದದ್ದು ಪಾಲಿಸಿ ಮಾಡಿಸೋಕಲ್ಲ, ರಾಜ್ಯ ಆಳೋಕೆ. ಬ್ರಿಟಿಷರ ಪದ್ಧತಿಯಲ್ಲಿ ಹೈದರಾಬಾದಿನಂಥ ದೊಡ್ಡ ದರ್ಬಾರಿಗೆ ರೆಸಿಡೆಂಟ್, ಚಿಕ್ಕ ಸಂಸ್ಥಾನಕ್ಕೆ ಪೊಲಿಟಿಕಲ್ ಏಜೆಂಟ್. ಸುರಪುರ ಚಿಕ್ಕದೇನೋ ಹೌದು, ಆದರೆ ಬಗ್ಗಿದ ಊರಲ್ಲ. 1705ರಲ್ಲಿ ವಾಗಿನಗೇರಿಯಲ್ಲಿ ಬೇಡರ ನಾಯಕರು ಔರಂಗಜೇಬನನ್ನೇ ತಿಂಗಳುಗಟ್ಟಲೆ ಕಾಯಿಸಿದ್ದರು. ಅದು ಆ ಬಾದಶಹನ ಕೊನೆಯ ದೊಡ್ಡ ಮುತ್ತಿಗೆ. ಅಂಥ ಸಂಸ್ಥಾನ 1840ರ ಹೊತ್ತಿಗೆ ನಿಜಾಮರಿಗೆ ಕೊಡಬೇಕಾದ ಬಾಕಿಯಲ್ಲಿ ಮುಳುಗಿತ್ತು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಸಂಸ್ಥಾನದ ಆಡಳಿತ ಫಿಲಿಪ್ ಮೆಡೋಸ್ ಟೇಲರನ ಕೈಗೆ ಬಂತು.

ಟೇಲರ್ ಲಿವರ್‌ಪೂಲಿನವ. ಹದಿನೈದರ ವಯಸ್ಸಿನಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಹತ್ತಿರ ಕೆಲಸಕ್ಕೆ ಅಂತ ಬಂದು, ಕೊನೆಗೆ ನಿಜಾಮರ ಸೇನೆ ಸೇರಿದವ. ಅಲ್ಲಿಗೆ ಲೆಕ್ಕ ಹಾಕಿ: ನೌಕರಿ ನಿಜಾಮರದು, ಹುಕುಂ ಬ್ರಿಟಿಷ್ ರೆಸಿಡೆಂಟನದು, ಆಳೋದು ಸುರಪುರದ ಹುಡುಗನ ಹೆಸರಲ್ಲಿ. ಮೂವರು ಯಜಮಾನರು, ಒಬ್ಬ ಏಜೆಂಟ್.

1853ರವರೆಗೆ ಆತ ಅಲ್ಲಿದ್ದ. ಬೆಟ್ಟದ ಮೇಲೆ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ರಾಜನಕೋಳೂರಿನ ಕಬ್ಬಿಣಯುಗದ ಕಲ್ಮನೆಗಳನ್ನೂ ಓದೋ ಜಗತ್ತಿಗೆ ಪರಿಚಯಿಸಿದ್ದು ಆತನೇ. ಜನ ಆತನನ್ನು 'ಮಹಾದೇವ ಬಾಬಾ' ಅಂತ ಕರೆದರು. ಹುಡುಗ ರಾಜ ಕರೆದದ್ದು 'ಅಪ್ಪ' ಅಂತ. ಈ ಸೀಮೆಯಲ್ಲಿ ಅಪ್ಪ ಅಂದರೆ ಹೆತ್ತವನಷ್ಟೇ ಅಲ್ಲ, ಮಠದ ಪೂಜ್ಯರೂ ಅಪ್ಪಾ ಅವರೇ. ಅಂದರೆ ಕೈ ಬಿಡದವನು.

1853ರಲ್ಲಿ ರಾಜ್ಯ ವೆಂಕಟಪ್ಪ ನಾಯಕರ ಕೈಗೆ ಬಂತು, ಟೇಲರ್ ನಳದುರ್ಗದ ಕಡೆ ಹೋದ. ಐದು ವರ್ಷಕ್ಕೆ, 1858ರ ಫೆಬ್ರವರಿಯಲ್ಲಿ ನಾಯಕರ ಜನ ಬ್ರಿಟಿಷರ ಪಡೆಯ ಮೇಲೆ ಬಿದ್ದರು. ಕ್ಯಾಪ್ಟನ್ ನ್ಯೂಬೆರಿ ಸತ್ತ. ನಾಯಕರು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಯಾದರು. ಜೈಲಿಗೆ ಬಂದ ಟೇಲರ್, ಚಿತಾಯಿಸಿದವರು ಯಾರು ಅಂತ ಕೇಳಿದನಂತೆ. ನಾಯಕರು ಹೆಸರು ಹೇಳಲಿಲ್ಲ. ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಅಂದರಂತೆ. ಇದು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ ಮಾತು. ಮರಣದಂಡನೆ ಕಡಿಮೆಯಾಗುತ್ತಾ ಬಂದು ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ನಿಂತಿತು. ಕರೆದೊಯ್ಯುವ ದಾರಿಯಲ್ಲಿ ಕಾವಲು ಅಧಿಕಾರಿಯ ಪಿಸ್ತೂಲಿನಿಂದ ತಮಗೆ ತಾವೇ ಗುಂಡು ಹೊಡೆದುಕೊಂಡರು ಅನ್ನುತ್ತೆ ಬ್ರಿಟಿಷರ ದಾಖಲೆ. 1860ರಲ್ಲಿ ಸುರಪುರವನ್ನು ನಿಜಾಮರಿಗೆ ಕೊಟ್ಟುಬಿಟ್ಟರು.

ಟೇಲರನ ಪ್ರೀತಿ ಸುಳ್ಳು ಅಂತ ನನಗೆ ಅನಿಸೋದಿಲ್ಲ. ಕಷ್ಟ ಇರೋದೇ ಅಲ್ಲಿ. ಪ್ರೀತಿ ನಿಜ, ಹುಕುಂ ಮಾತ್ರ ಬೇರೆ ಕಡೆಯದು. ಎಲ್ಲ ಸರಿಯಿದ್ದಾಗ ಏಜೆಂಟನೂ ಅಪ್ಪನೂ ಒಬ್ಬನೇ ಆಗಿ ಕಾಣಬಹುದು. ಎರಡೂ ಬೇರೆ ಅಂತ ಗೊತ್ತಾಗೋದು ಜೈಲಿನ ಬಾಗಿಲಲ್ಲಿ. ಹೆಸರು ಹೇಳಲ್ಲ ಅಂದ ಕ್ಷಣದಲ್ಲಿ ಆ ಪದದ ಇನ್ನೊಂದು ಅರ್ಥ, ತಾನೇ ನಿರ್ಧರಿಸೋನು ಅನ್ನೋದು, ಇದ್ದದ್ದು ಕೈದಿಯ ಹತ್ತಿರ. ಸಾಹೇಬನ ಹತ್ತಿರ ಅಲ್ಲ.

ಈಗ ನಾವು ಕ್ಯಾಲೆಂಡರು, ಇಮೇಲು, ಬ್ಯಾಂಕಿನ ಪಾಸ್‌ವರ್ಡು ಎಲ್ಲವನ್ನೂ ಹೊಸ ಏಜೆಂಟುಗಳ ಕೈಗೆ ಕೊಡುತ್ತಿದ್ದೀವಿ. ಅವೂ ನಯವಾಗಿ ಮಾತಾಡ್ತವೆ, ನಮ್ಮ ಹೆಸರಲ್ಲೇ ಕೆಲಸ ಮಾಡ್ತವೆ. ಎಷ್ಟು ಜಾಣ, ಎಷ್ಟು ಫಾಸ್ಟ್ ಅಂತ ಕೇಳ್ತೀವಿ. ಸುರಪುರದ ಕಡೆ ಅಪರಿಚಿತರು ಬಂದರೆ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳೋ ಪ್ರಶ್ನೆ ಬೇರೆ. ನೀರು ಕೊಟ್ಟ ಮೇಲೆ ಮೊದಲು ಕೇಳೋದೇ ಅದು: "ಯಾರ ಕಡಿಯವ್ರರೀ ನೀವು?"