ಮೊಳ ಹಾಕೋ ಹಕ್ಕು

ಬರಹ ಸ್ವಲ್ಪ ಉದ್ದ ಐತಿ, ಪುರುಸೊತ್ತಾದಾಗ ಓದ್ರಿ.

ಮೊನ್ನೆ ನಮ್ಮ ಕೇರಿಯ ಪಿಯುಸಿ ಹುಡುಗಿ ಇಂಗ್ಲಿಷ್ ಪೇಪರ್ ಹಿಡ್ಕೊಂಡು ಬಂದು, "ಅಣ್ಣಾ, ಶಾಡಿ ವರ್ಕ್ ಅಂದ್ರೇನು? ಮದುವಿ ಕೆಲಸಾ?" ಅಂತ ಕೇಳಿದಳು. ನಗು ಬಂತು. "ಅದು ಶಾದಿ ಅಲ್ಲವ್ವಾ, ಶಾಡಿ. ಕಳಪೆ ಕಾಮಗಾರಿ ಅಂತ ಅರ್ಥ" ಅಂದೆ. "ಹೌದಾ? ನಮ್ಮ ಓಣಿ ಸಿಸಿ ರೋಡ್ ಇದ್ದಂಗ" ಅಂದು ಹೋದಳು. ಅವಳು ಹೋದ ಮೇಲೆ ನಾನು ಆ ಪದದ ಬೆನ್ನು ಹತ್ತಿದೆ. ಹತ್ತಿದರೆ ಅದು ನಮ್ಮ ಕೇರಿಗೇ ಬಂದು ನಿಂತಿತು.

ಶಾಡಿ ಮೊದಲಿಗೆ ಬೈಗುಳ ಅಲ್ಲ, ಒಂದು ಬಟ್ಟೆಯ ಹೆಸರು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಬ್ಯಾಟ್ಲಿ ಅಂತ ಊರು. ಅಲ್ಲಿ 1813ರ ಸುಮಾರಿಗೆ ಬೆಂಜಮಿನ್ ಲಾ ಎಂಬಾತ ಹಳೇ ಉಣ್ಣೆಯ ಚಿಂದಿಯನ್ನು ಹಿಂಜಿ, ಅದಕ್ಕೆ ಹೊಸ ಉಣ್ಣೆ ಬೆರೆಸಿ ನೂಲು ತೆಗೆದ. ಅದೇ ಶಾಡಿ. ಎಳೆ ಗಿಡ್ಡ, ಅದಕ್ಕೇ ಬಟ್ಟೆ ಬೇಗ ಪಿಸಿದು ಹೋಗುತ್ತಿತ್ತು. ಚಿಂದಿ ಆರಿಸುವ ಕೆಲಸಕ್ಕೆ ಹೆಂಗಸರು, ಸಣ್ಣ ಹುಡುಗಿಯರು. ಆ ಚಿಂದಿಯಿಂದ ಸಿಡುಬು ಮೊದಲು ಹತ್ತುತ್ತಿದ್ದದ್ದು ಅವರಿಗೇ ಅಂತ ಕಾರ್ಲ್ ಮಾರ್ಕ್ಸ್ 1867ರ 'ಕ್ಯಾಪಿಟಲ್'ನಲ್ಲಿ ಬರೆದಿದ್ದಾರೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಗುತ್ತಿಗೆದಾರರು ಸೈನಿಕರಿಗೆ ಶಾಡಿ ಸಮವಸ್ತ್ರ ಸಪ್ಲೈ ಮಾಡಿದರು. ಮೈಮೇಲೆ ಇದ್ದಂಗೇ ಹರಿದು ಉದುರುವ ಬಟ್ಟೆ. ದೂರು ಎದ್ದಿತು, ಪತ್ರಿಕೆಗಳು ಬರೆದವು, ಅದರಲ್ಲಿ ದುಡ್ಡು ಮಾಡಿದವರಿಗೆ 'ಶಾಡಿ ಶ್ರೀಮಂತರು' ಅಂತ ಹೆಸರು ಬಿತ್ತು. ಬಟ್ಟೆಯ ಹೆಸರು ಗುಣವಾಚಕ ಆಯಿತು. ಇಲ್ಲೊಂದು ಮಾತು ಗಮನಿಸ್ರಿ: ಅಲ್ಲಿ ಕಳಪೆ ಅನ್ನೋ ಕಳಂಕ ಹತ್ತಿದ್ದು ಕೊಟ್ಟವರಿಗೆ, ತೊಟ್ಟವರಿಗಲ್ಲ.

ನಮ್ಮಲ್ಲಿ ಆಗಿದ್ದು ಉಲ್ಟಾ.

ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ನೋಡ್ರಿ. ಚಂಡಾಲರು ಹೆಣದ ಮೇಲಿನ ಬಟ್ಟೆ ಉಡಬೇಕು, ಒಡಕು ಮಡಿಕೆಯಲ್ಲಿ ಉಣ್ಣಬೇಕು. ಶೂದ್ರ ಸೇವಕನಿಗೆ ಉಂಡು ಮಿಕ್ಕಿದ್ದು, ಹಳೇ ಬಟ್ಟೆ, ಜಳ್ಳು ಕಾಳು, ಹಳೇ ಸಾಮಾನು. ಅಂದರೆ ಕಳಪೆ ಅನ್ನೋದು ಬಡತನದಿಂದ ಬಂದದ್ದಲ್ಲ, ಕಾನೂನು ಬರೆದು ಹಂಚಿದ್ದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಯಾವ ಕೇರಿಗೆ ಹೋದರೂ ಹಿರಿಯರು ಅದನ್ನೇ ಬೇರೆ ಮಾತಲ್ಲಿ ಹೇಳ್ತಾರೆ: ಉಟ್ಟು ಬಿಟ್ಟ ಸೀರಿ, ಉಂಡು ಮಿಕ್ಕಿದ ರೊಟ್ಟಿ. ಆ ಹರಕು ಅರಿವೆ ಕೊಟ್ಟವರು ದಾನಿಗಳಾದರು. ತೊಟ್ಟವರು ಹೊಲಸು ಮಂದಿ ಆದರು.

ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಆ ಪುಸ್ತಕ ಸುಟ್ಟರು. ಅದೇ ಮಹಾಡ್‌ನಲ್ಲಿ ಹೆಣ್ಣುಮಕ್ಕಳಿಗೆ, ನಿಮ್ಮನ್ನ ನೋಡಿದ ಕೂಡಲೇ ಅಸ್ಪೃಶ್ಯರು ಅಂತ ಗುರುತು ಹಿಡಿಯೋ ಹಂಗೆ ಉಡಬೇಡ್ರಿ ಅಂತ ತಿಳಿಸಿ ಹೇಳಿದರು. ಸುಟ್ಟಿದ್ದಕ್ಕೂ ಈ ಮಾತಿಗೂ ಸಂಬಂಧ ಐತಿ.

ಈಗ ನನ್ನ ಕಂಬಳಿ ಕಥೆ. ನಮ್ಮ ಕಡೆ ಕುರುಬರು ನೇಯುವ ಕರಿ ಕಂಬಳಿ ನಿಮಗೆ ಗೊತ್ತು. ಹುಣಸೆ ಬೀಜದ ಗಂಜಿ ಕುಡಿಸಿದ ಕಂಬಳಿ ಮಳೆಗೂ ಜಗ್ಗಲ್ಲ. ನಮ್ಮಪ್ಪ ಜ್ವಾಳ ಕೊಟ್ಟು ತಂದದ್ದು ಒಂದಿತ್ತು. ಅವ್ವ ಹೊಲಿದ ಕೌದಿ ಒಂದಿತ್ತು. ಹಳೇ ಸೀರಿ, ಹಳೇ ದೋತರ ಪದರ ಪದರ ಹಾಸಿ, ಬೆರಳಗಲಕ್ಕೆ ಹತ್ತು ಹೊಲಿಗೆ. ನನಗಿಂತ ಆ ಕೌದಿಗೇ ವಯಸ್ಸು ಜಾಸ್ತಿ ಇತ್ತು. ಹಳೇದು ಅಂದ್ರೆ ಕಳಪೆ ಅಲ್ಲ ಅಂತ ನಾನು ಕಲಿತದ್ದು ಅದರ ಕೆಳಗೆ ಮಲಗಿ.

ಆಮೇಲೆ ಹಾಸ್ಟೆಲ್ ಸೇರಿದೆ. ಅಲ್ಲೊಂದು ಬೂದಿ ಬಣ್ಣದ ಕಂಬಳಿ ಕೊಟ್ಟರು. ಹತ್ತಿರದಿಂದ ನೋಡಿದರೆ ಒಳಗೆ ಕೆಂಪು, ನೀಲಿ, ಹಸಿರು ಎಳೆ. ಮುಂಜಾನೆ ಎದ್ದರೆ ಮೂಗಿನ ತುಂಬ ದೂಳು. ಎರಡು ಸಲ ಒಗೆದಿದ್ದಕ್ಕೆ ಜಾಳು ಜಾಳಾಯಿತು. ಹೋಗಿ ಕೇಳಿದರೆ ಬಂದ ಉತ್ತರ ಇಷ್ಟು: "ಮನ್ಯಾಗ ಇದೂ ಇರಲಿಲ್ಲಲೇ ನಿಮಗ." ಆ ಬಣ್ಣಬಣ್ಣದ ಎಳೆ ಎಲ್ಲಿಂದ ಬರ್ತಾವೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬ್ಯಾಟ್ಲಿಯ ಆ ಧಂದೆ ಈಗ ಹರಿಯಾಣದ ಪಾಣಿಪತ್‌ನಲ್ಲಿ ಐತಿ. ಶ್ರೀಮಂತ ದೇಶಗಳ ಜನ ತೊಟ್ಟು ಬಿಟ್ಟ ಸ್ವೆಟರು, ಕೋಟು ಅಲ್ಲಿಗೆ ಬರ್ತಾವೆ. ಹೆಣ್ಣುಮಕ್ಕಳು ಕೂತು ಗುಂಡಿ, ಜಿಪ್ ಕಿತ್ತು ಹಾಕ್ತಾರೆ. ಬಣ್ಣದ ಪ್ರಕಾರ ಬೇರೆ ಮಾಡಿ, ಹಿಂಜಿ, ನೂಲು ತೆಗೆದು ಅಗ್ಗದ ಕಂಬಳಿ ಮಾಡ್ತಾರೆ. ನೆರೆ, ಭೂಕಂಪ ಅಂದಾಗ ಪರಿಹಾರಕ್ಕೆ ಹಂಚೋ ಕಂಬಳಿ ಬಹಳಷ್ಟು ಇಂಥವೇ. ಕಂಬಳಿ ಬಗ್ಗೆ ನನಗೆ ಸಿಟ್ಟಿಲ್ಲ. ಚಿಂದಿಯನ್ನ ಮತ್ತೆ ಬಳಸೋದು ಒಳ್ಳೇದೇ. ಸಿಟ್ಟು ಇರೋದು ಆ ಉತ್ತರದ ಮೇಲೆ.

ಆ ಉತ್ತರಕ್ಕೆ ನಮ್ಮ ಭಾಷೆಯಲ್ಲಿ ಗಾದೆಯೇ ಐತಿ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಈ ಗಾದೆ ನಗೋದು ಯಾರನ್ನ? ಗಿಡ್ಡ ಬಟ್ಟೆ ಕೊಟ್ಟವರನ್ನಲ್ಲ, ಅಳೆದು ನೋಡಿದವರನ್ನ. ಆ ಹೆಣ್ಣುಮಗಳು ಅಂಗಳದಾಗ ಅಳಿಯಲಿಲ್ಲ, ಅಂಜಿ ಹಿತ್ತಲಿಗೆ ಹೋದಳು. ಅಷ್ಟಾದರೂ ಬಿಡಲಿಲ್ಲ, ಗಾದೆ ಮಾಡಿದರು.

ಅಂಗಳದಾಗ ನಿಂತು ಅಳೆದವರೊಬ್ಬರ ಕಥೆ ನೆನಪು ಮಾಡ್ಕೊಳ್ರಿ. ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸರ್ಕಾರದ ಮಂತ್ರಿ. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಾತಾಡ್ತಾ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಐತಿ ಅಂದರು. ಬೂಸಾ ಅಂದ್ರೆ ದನದ ಮೇವು, ಅಂದರೆ ಕಾಳು ಇಲ್ಲದ್ದು. ಅದು ಒಂದು ಅಭಿಪ್ರಾಯ, ಅಷ್ಟೇ. ಒಪ್ಪಬಹುದು, ಬಿಡಬಹುದು. ಆದರೆ ರಾಜ್ಯ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಸಾವಿರ ವರ್ಷ ನಮ್ಮನ್ನ ಕೀಳು ಅಂದವರು ಒಂದು ದಿನ ನಾವು ಬೂಸಾ ಅಂದಿದ್ದನ್ನ ತಡಕೊಳ್ಳಲಿಲ್ಲ. ಆ ಬೆಂಕಿಯಿಂದಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಒಂದು ಪದಕ್ಕೆ ಇಷ್ಟು ಬೆಲೆ ಯಾಕೆ? ಯಾವುದು ಕಾಳು, ಯಾವುದು ಜಳ್ಳು ಅಂತ ಹೇಳೋ ಹಕ್ಕೇ ಅಧಿಕಾರ, ಅದಕ್ಕೆ.

ಈಗ ನಮ್ಮ ಓಣಿಗೆ ಬರೋಣ. ಹಾಕಿದ ಮಳೆಗಾಲದಾಗೇ ಜಲ್ಲಿ ಎದ್ದು ನಿಂತ ರಸ್ತೆ, ಚಾವಣಿ ಉದುರೋ ಮನೆ, ನೀರು ಹರಿಯದ ಚರಂಡಿ. "ಕೇರಿಗೆ ಇಷ್ಟು ಸಾಕು" ಅನ್ನೋ ಮಾತು ಯಾವ ಎಸ್ಟಿಮೇಟ್‌ನಲ್ಲೂ ಬರೆದಿರಲ್ಲ, ಕೆಲಸದಲ್ಲಿ ಇರ್ತದೆ. ಇನ್ನೊಂದು ವಿಷಯ. ನಮ್ಮ ಈ ಐದು ತಾಲ್ಲೂಕಿನ ಮಂದಿ ಗುಳೆ ಹೋಗಿ ಬೆಂಗಳೂರಾಗ ಕಟ್ಟಡ ಕಟ್ಟತಾರೆ. ಸಿಮೆಂಟಿಗೆ ಎಷ್ಟು ಮರಳು, ಎಷ್ಟು ದಿನ ನೀರು ಹೊಡಿಬೇಕು ಅನ್ನೋದು ನಮ್ಮ ಹೆಣ್ಣುಮಕ್ಕಳಿಗೂ ಬಾಯಿಪಾಠ. ಗುಣಮಟ್ಟ ಗೊತ್ತಿದ್ದವರೇ ತಮ್ಮ ಓಣಿಯ ರಸ್ತೆ ನೋಡಿ ಸುಮ್ಮನಿರಬೇಕಾಗೈತಿ. ಯಾಕೆಂದರೆ ಅದು "ಸರ್ಕಾರ ಪುಕ್ಕಟೆ ಕೊಟ್ಟಿದ್ದು".

ಪುಕ್ಕಟೆ ಅಲ್ರೀ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ನಮ್ಮ ಜನಸಂಖ್ಯೆಗೆ ತಕ್ಕಂತೆ ಶೇ 24.1 ಪಾಲು ತೆಗೆದಿಡಬೇಕು. ಅದು ಧರ್ಮದ ದಟ್ಟಿ ಅಲ್ಲ, ನಮ್ಮ ಪಾಲಿನ ಬಟ್ಟೆ. ಮೊಳ ಹಾಕಲೇಬೇಕು. ಮೊಳಕೋಲೂ ಕೈಯಾಗ ಐತಿ. ಪ್ರತಿ ಕಾಮಗಾರಿಗೂ ಎಂ.ಬಿ. ಅಂತ ಅಳತೆ ಪುಸ್ತಕ ಇರ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಅದರ ನಕಲು ಕೇಳಬಹುದು. ಅಷ್ಟೇ ಅಲ್ಲ, ಅದೇ ಕಾಯ್ದೆಯ ಕಲಂ 2(ಜೆ) ಪ್ರಕಾರ ಕಾಮಗಾರಿ ಪರಿಶೀಲನೆ ಮಾಡಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ತಗೊಳ್ಳಬಹುದು. ಇದು ಬಹಳ ಮಂದಿಗೆ ಗೊತ್ತಿಲ್ಲ.

ಆ ಹುಡುಗಿಗೆ ನಿನ್ನೆ ಇಷ್ಟೂ ಹೇಳಿದೆ. "ಹಂಗಾದ್ರೆ ಅರ್ಜಿ ನಾನೇ ಬರಿತೀನಿ ಅಣ್ಣಾ" ಅಂದಳು. ಬರೆದಾಳೆ. ಮುಂದಿನ ಗ್ರಾಮಸಭೆಗೆ ಟೇಪು ಹಿಡ್ಕೊಂಡು ಹೋಗ್ತೀವಿ. ನಿಮ್ಮ ಓಣಿಯವರೂ ಹೋಗ್ರಿ. ಈ ಸಲ ಮೊಳ ಹಾಕೋದು ಹಿತ್ತಲದಾಗಲ್ಲ, ಅಂಗಳದಾಗ.

ಜೈಭೀಮ್.