ವೇಷವಲ್ಲ, ಹೊಣೆ: ಶಿಕಾರಿಪುರ–ಸೊರಬದ ಕಥನಗಳು ಮಕ್ಕಳ ಕೈಗೆ ಬಂದಾಗ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ 10ನೆಯ ಶತಮಾನದ ಮೊದಲ ಭಾಗದ ಶಾಸನವೊಂದಿದೆ. ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಅದು ಶಿಕಾರಿಪುರ 219 ಎಂದು ಅಚ್ಚಾಗಿದೆ. ನಾಗರಖಂಡ 70 ಎಂಬ ನಾಡಿನ ಆಡಳಿತಗಾರ, ಅಂದರೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ ಮೇಲೆ ರಾಷ್ಟ್ರಕೂಟ ಅರಸನು ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟ. ಆಕೆಯ ಆಡಳಿತದ ಜಾಣ್ಮೆಯನ್ನೂ ಜಿನಭಕ್ತಿಯನ್ನೂ ಶಾಸನ ಕೊಂಡಾಡುತ್ತದೆ. ಕಾಯಿಲೆ ಬಿದ್ದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ, ಅಂದರೆ ಅನ್ನನೀರು ತೊರೆದು, ದೇಹ ಬಿಟ್ಟಳು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಹಿರಿಯ ಪ್ರಾಥಮಿಕ ತರಗತಿಯ ಮಕ್ಕಳಿಗೆ ಛಲ, ಸ್ವಂತ ಶಕ್ತಿಯ ಅರಿವು ಇವನ್ನು ಕಥೆಯಿಂದ, ಪಾತ್ರಾಭಿನಯದಿಂದ ಕಲಿಸಲು ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕುಗಳಲ್ಲಿ ಯಾವ ಸಾಮಗ್ರಿ ಇದೆ ಎಂದು ಹುಡುಕುವಾಗ ನಾನು ಮೊದಲು ನಿಂತದ್ದು ಈ ಶಾಸನದ ಮುಂದೆ. ಕಾರಣ ಸರಳ. ನಮ್ಮ ಶಾಲೆಗಳಲ್ಲಿ ‘ಪಾತ್ರ’ ಎಂದರೆ ಬಹುಮಟ್ಟಿಗೆ ಛದ್ಮವೇಷ. ಪ್ರತಿಭಾ ಕಾರಂಜಿಯ ದಿನ ಒನಕೆ ಹಿಡಿದ ಓಬವ್ವ, ಖಡ್ಗ ಹಿಡಿದ ಚೆನ್ನಮ್ಮ, ರುದ್ರಾಕ್ಷಿ ಧರಿಸಿದ ಅಕ್ಕ ಸಾಲಾಗಿ ಬರುತ್ತಾರೆ, ಕಲಿತ ನಾಲ್ಕು ಮಾತು ಹೇಳಿ ಇಳಿಯುತ್ತಾರೆ. ಮಗುವಿನ ಸಂಭ್ರಮವನ್ನು ನಾನು ಕಡೆಗಣಿಸುವುದಿಲ್ಲ. ವೇದಿಕೆ ಹತ್ತುವುದೂ ಒಂದು ಕಲಿಕೆಯೇ. ಆದರೆ ಅಲ್ಲಿ ಮಗು ಒಂದೂ ನಿರ್ಧಾರ ತೆಗೆದುಕೊಳ್ಳುವುದಿಲ್ಲ. ಜಕ್ಕಿಯಬ್ಬೆಯನ್ನು ಹೀಗೆ ವೇಷ ಕಟ್ಟಿ ನಿಲ್ಲಿಸಲು ಆಗುವುದೇ ಇಲ್ಲ. ಆಕೆಯ ಕೈಗೆ ಏನು ಕೊಡುವುದು? ಶಾಸನ ಆಕೆಗೆ ಕೊಟ್ಟಿರುವುದು ಹುದ್ದೆಯನ್ನು. ಆ ಪಾತ್ರ ಮಾಡುವ ಹುಡುಗಿ ಹುದ್ದೆಯ ಕೆಲಸವನ್ನೇ ಮಾಡಿ ತೋರಿಸಬೇಕಾಗುತ್ತದೆ.

ಆ ಕೆಲಸ ಯಾವುದು ಎಂಬುದನ್ನು ಈ ಅರೆಮಲೆನಾಡಿನ ಕೆರೆಗಳೇ ಹೇಳುತ್ತವೆ. ಮೇಲಿನ ಊರಿನವರು ತೂಬು ಮುಚ್ಚಿದ್ದಾರೆ, ಕೆಳಗಿನ ಗದ್ದೆ ಒಣಗುತ್ತಿದೆ, ಏರಿಯಲ್ಲಿ ಬಿರುಕು ಬಿಟ್ಟಿದೆ, ದುಡಿಯಲು ಆಳು ಕೊಡುವವರು ಯಾರು ಎಂದು ಜಗಳ. ನಾಳ್ಗಾವುಂಡಿಯಾದ ಹುಡುಗಿ ಎರಡೂ ಕಡೆಯವರ ಮಾತು ಕೇಳಬೇಕು, ನೀರಗಂಟಿಯನ್ನು ಕರೆಸಬೇಕು, ತೀರ್ಪು ಕೊಡಬೇಕು; ತೀರ್ಪು ಒಪ್ಪದವನು ನಾಳೆ ಮತ್ತೆ ಬಂದಾಗ ಮತ್ತೆ ಕೂತು ಕೇಳಬೇಕು. ಈ ಜಗಳ ಶಾಸನದಲ್ಲಿಲ್ಲ, ತರಗತಿಗಾಗಿ ನಾವು ಕಟ್ಟಿಕೊಂಡದ್ದು. ಇದನ್ನು ಮಕ್ಕಳಿಗೂ ಹೀಗೆಯೇ ಬಿಚ್ಚಿ ಹೇಳಬೇಕು. ಕಲ್ಲಿನಲ್ಲಿರುವುದು ಎಷ್ಟು, ನಾವು ಸೇರಿಸಿದ್ದು ಎಷ್ಟು ಎಂಬ ಗೆರೆ ಕಾಣದಿದ್ದರೆ ಕಥೆ ಸುಳ್ಳಾಗುತ್ತದೆ. ಸಲ್ಲೇಖನದ ಪ್ರಸಂಗವನ್ನು ಮಾತ್ರ ಅಭಿನಯಕ್ಕೆ ತರಬಾರದು, ಅದನ್ನು ಶಿಕ್ಷಕಿ ಹೇಳಿದರೆ ಸಾಕು. ಆದರೆ ಹೊಣೆ ಮಗಳಿಗೆ ದಾಟುವ ಗಳಿಗೆಯನ್ನು ಬಿಡುವಂತಿಲ್ಲ. ಏನನ್ನು ಹೇಳಿ ಒಪ್ಪಿಸುತ್ತಾಳೆ ಎಂದು ಮಕ್ಕಳೇ ಮಾತು ಹುಟ್ಟಿಸಲಿ.

ಸೊರಬದ ಕಡೆಗೆ ಬಂದರೆ ಸಾಮಗ್ರಿಯ ಬಗೆಯೇ ಬೇರೆ. 1904ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟದಲ್ಲಿ ಸೊರಬ ತಾಲ್ಲೂಕೊಂದರದೇ 500ಕ್ಕೂ ಹೆಚ್ಚು ಶಾಸನಗಳಿವೆ. ಅವುಗಳಲ್ಲಿ ವೀರಗಲ್ಲುಗಳ ಪಾಲು ದೊಡ್ಡದು. ತುರುಗೋಳ್ (ದನಗಳ ಸೂರೆ), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ ಎಂದು ಹೋರಾಟದ ಕಾರಣಗಳನ್ನು ಇಂಥ ಕಲ್ಲುಗಳು ಹೆಸರಿಸುತ್ತವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಹೇಳಿದೊಡನೆ ಮಕ್ಕಳ ಕಣ್ಣು ಅರಳುತ್ತದೆ: ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಮೂರು ಸಾಲಿನಲ್ಲಿ ಕೂತು, ನಿಂತು, ಬೆಂಚು ಹತ್ತಿ ತರಗತಿಯೇ ವೀರಗಲ್ಲಾಗಬಹುದು.

ಇಲ್ಲಿಗೇ ನಿಲ್ಲಿಸಿದರೆ ಅದೂ ಛದ್ಮವೇಷವೇ. ಪೆಣ್ಬುಯ್ಯಲ್ ಎಂದರೆ ಹೆಣ್ಣುಗಳ ಹುಯ್ಯಲು. ಅಲ್ಲಿ ಹೆಣ್ಣು ಕಾಳಗಕ್ಕೆ ಕಾರಣ, ತಾನೇ ಏನನ್ನೂ ಮಾಡುವವಳಲ್ಲ. ಗಂಡನೊಡನೆ ಸಹಗಮನ ಮಾಡಿದವಳಿಗೆ ನಿಲ್ಲಿಸಿದ ಮಾಸ್ತಿಕಲ್ಲಿನಲ್ಲಿ ಹೆಣ್ಣು ಬಳೆ ತೊಟ್ಟು ಎತ್ತಿದ ಒಂದು ಕೈ ಮಾತ್ರ. ಈ ಕೈಯನ್ನು ಸಬಲೀಕರಣದ ಗುರುತು ಎಂದು ಯಾರೂ ಕಲಿಸಕೂಡದು. ನಾನು ಸೂಚಿಸುವುದು ನಾಲ್ಕನೆಯ ಪಟ್ಟಿಕೆಯನ್ನು, ಕಲ್ಲುಕುಟಿಗ ಕೆತ್ತದೆ ಬಿಟ್ಟದ್ದನ್ನು. ಮರುದಿನ ಆ ಮನೆಯಲ್ಲಿ ಏನಾಯಿತು? ಸತ್ತ ವೀರನ ಮನೆಯವರಿಗೆ ನೆತ್ತರುಗೊಡಗೆ ಎಂದು, ಬಾಳ್ಗಚ್ಚು ಎಂದು ಭೂಮಿ ಬಿಡುತ್ತಿದ್ದುದು ಶಾಸನಗಳಿಂದಲೇ ತಿಳಿಯುತ್ತದೆ. ಭೂಮಿ ಕೊಟ್ಟೆವು ಎಂದರೆ ಮುಗಿಯಲಿಲ್ಲ. ಎಲ್ಲೆ ಗುರುತಿಸಬೇಕು, ಕಲ್ಲು ನೆಡಬೇಕು, ಉಳಬೇಕು, ದಾಯಾದಿ ಒತ್ತುವರಿ ಮಾಡಿದರೆ ಕೇಳಬೇಕು. ವೀರನ ಹೆಂಡತಿ ಊರಗೌಡನ ಮುಂದೆ ಮೂರು ಬಾರಿ ಹೋಗುವ ದೃಶ್ಯವನ್ನು ಮಕ್ಕಳು ಕಟ್ಟಲಿ, ಪ್ರತಿ ಬಾರಿಯೂ ಗೌಡನ ಪಾತ್ರಧಾರಿ ಒಂದು ಹೊಸ ನೆಪ ಹೇಳಲಿ. ಹಿಡಿದ ಕೆಲಸ ಬಿಡದಿರುವುದು ಎಂದರೇನು ಎಂಬುದು ಮೂರನೆಯ ಬಾರಿ ಹೋಗುವ ಹುಡುಗಿಯ ದನಿಯಲ್ಲಿ ತಾನಾಗಿ ಕೇಳುತ್ತದೆ.

ಮತ್ತೆ ಶಿಕಾರಿಪುರ ತಾಲ್ಲೂಕಿಗೆ ಬಂದರೆ, ಕದಂಬ ಅರಸುಮನೆತನ ಕಟ್ಟಿದ ತಾಳಗುಂದದ ಮಯೂರಶರ್ಮನ ಕಥೆ ಎಲ್ಲರಿಗೂ ಗೊತ್ತು. 1975ರ ಚಲನಚಿತ್ರ ಅದನ್ನು ಮನೆಮಾತಾಗಿಸಿತು. ಜನಪ್ರಿಯ ಕಥನ ಅವಮಾನದಿಂದ ಕಿರೀಟಕ್ಕೆ ಒಂದೇ ನೆಗೆತ ನೆಗೆಯುತ್ತದೆ. ಪ್ರಣವೇಶ್ವರ ದೇಗುಲದ ಮುಂದಿನ ಸ್ತಂಭದಲ್ಲಿ, 5ನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಕಾವ್ಯ ಹಾಗೆ ಮಾಡುವುದಿಲ್ಲ. ಗುರು ವೀರಶರ್ಮನೊಡನೆ ಕಂಚಿಗೆ ಓದಲು ಹೋದದ್ದು, ಪಲ್ಲವರ ಅಶ್ವಾರೋಹಿಯೊಡನೆ ಜಗಳ, ಗಡಿಗಾವಲಿನವರನ್ನು ಸೋಲಿಸಿದ್ದು, ಶ್ರೀಪರ್ವತದ ಕಾಡಿನಲ್ಲಿ ನೆಲೆ, ಆಮೇಲೆ ಪಲ್ಲವರೊಡನೆಯೇ ಒಪ್ಪಂದ, ಅವರ ಸೇವೆಯಲ್ಲಿದ್ದು ಪರಾಕ್ರಮದಿಂದ ಮೆಚ್ಚಿಸಿ ಪಟ್ಟ ಪಡೆದದ್ದು. ತನ್ನನ್ನು ಕೆಣಕಿದವರೊಡನೆ ಮಾತಿಗೆ ಕೂರುವ ಆ ಗಳಿಗೆ ಅಭಿನಯಕ್ಕೆ ಬಹಳ ಒದಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಕ್ಷಾತ್ರದ ಮುಂದೆ ಬ್ರಾಹ್ಮಣ್ಯ ಕುಗ್ಗಿತಲ್ಲಾ ಎಂಬುದು ಶಾಸನದಲ್ಲಿ ಮಯೂರನ ಅಳಲು. ಆ ಅಳಲು ಇಂದಿನ ತರಗತಿಯ ಎಲ್ಲ ಮಕ್ಕಳದೂ ಆಗಲಾರದು. ಓದಲು ಹೋದ ಕಡೆ ಅವಮಾನ ಎಂಬಷ್ಟನ್ನು ಉಳಿಸಿಕೊಂಡರೆ ಬಾಗಿಲಲ್ಲಿ ತಡೆಯಲ್ಪಟ್ಟ ಯಾವ ಮಗುವೂ ಒಳಗೆ ಬರಬಹುದು. ಅಂದಹಾಗೆ, ಆ ಕಾವ್ಯ ಕೆತ್ತಿಸಿದ ಸಂದರ್ಭ ಮಯೂರನ ವಂಶದ ಅರಸ ಕಾಕುಸ್ಥವರ್ಮ ತೋಡಿಸಿದ ಕೆರೆ. ಕೊನೆಗೆ ಇಲ್ಲಿಯೂ ಕೆರೆಯೇ ಬಂತು.

ಅದೇ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯ ಕಥೆಯಲ್ಲಿ ಹರಿಹರನ ರಗಳೆಯೇ ನನಗೆ ಹೆಚ್ಚು ಉಪಯುಕ್ತವೆನಿಸಿದೆ. ಅಲ್ಲಿ ಆಕೆ ತನ್ನನ್ನು ಮದುವೆಯಾಗಬಯಸಿದ ಅರಸ ಕೌಶಿಕನಿಗೆ ಷರತ್ತು ಹಾಕುತ್ತಾಳೆ, ಅವು ಮುರಿದಾಗ ಹೊರಡುತ್ತಾಳೆ. ಹೊರಡುವ ದೃಶ್ಯವನ್ನು ಮಕ್ಕಳಿಂದ ಮಾಡಿಸಬೇಕಿಲ್ಲ. ಷರತ್ತು ಹಾಕುವ ದೃಶ್ಯ ಸಾಕು. ಮನೆಯಲ್ಲಿ ಹುಡುಗಿಯ ಮಾತಿಗೆ ‘ಹಟ’ ಎನ್ನುತ್ತೇವೆ, ಪಾಠದಲ್ಲಿ ಅದಕ್ಕೇ ‘ಛಲ’ ಎನ್ನುತ್ತೇವೆ. ಈ ಎರಡು ಪದಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳನ್ನೇ ಕೇಳಬೇಕು. ಮದುವೆಯ ಮಾತು ಬಂದಲ್ಲಿ 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯೂ ಆ ಹಲಗೆಯ ಮೇಲೆಯೇ ಇರಲಿ.

ಮಕ್ಕಳು ನಿಜವಾಗಿಯೇ ಪಾತ್ರ ವಹಿಸಿದ ಊರು ಈಸೂರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ಕಂದಾಯ ಕೊಡೆವೆಂದು ನಿಂತು, ವೀರಭದ್ರ ದೇಗುಲದ ಮೇಲೆ ಬಾವುಟ ಏರಿಸಿ ತನ್ನದೇ ಸರ್ಕಾರ ಸಾರಿಕೊಂಡಿತು. ಆ ಸರ್ಕಾರದ ಅಮಲ್ದಾರನೂ (ತಾಲ್ಲೂಕಿನ ಮುಖ್ಯ ಅಧಿಕಾರಿ) ಸಬ್ ಇನ್ಸ್‌ಪೆಕ್ಟರನೂ ಜಯಣ್ಣ, ಮಲ್ಲಪ್ಪ ಎಂಬ ಹುಡುಗರು. ವಯಸ್ಸಿಗೆ ಬಾರದವರನ್ನು ಸೆರೆಗೆ ಹಾಕಲಾರರು ಎಂಬ ಲೆಕ್ಕಾಚಾರ ಹಿರಿಯರದು ಎಂದು ಹೇಳುತ್ತಾರೆ. ಹುಡುಗರಿಗೆ ಸಿಕ್ಕಿದ್ದು ಹುದ್ದೆ, ಅದರ ಎದುರಿಗೆ ಇದ್ದದ್ದು ಮೈಸೂರು ಸಂಸ್ಥಾನದ ನಿಜವಾದ ಅಮಲ್ದಾರ, ನಿಜವಾದ ಪೊಲೀಸು. ಘರ್ಷಣೆಯಲ್ಲಿ ಆ ಇಬ್ಬರು ಅಧಿಕಾರಿಗಳು ಸತ್ತರು. ಊರಿನ ಮೇಲೆ ದಂಡು ಬಂತು. 1943ರ ಮಾರ್ಚ್‌ನಲ್ಲಿ ಗುರಪ್ಪ, ಅದೇ ಹೆಸರಿನ ಇನ್ನೊಬ್ಬ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು ನೇಣಿಗೇರಿದರು. ಶಿಕ್ಷೆಯಾದವರಲ್ಲಿ ಹೆಂಗಸರೂ ಇದ್ದರು.

ಇದನ್ನು ಜೈಕಾರದ ದೃಶ್ಯವಾಗಿ ಮಾಡಿಸುವುದು ಸುಲಭ, ಮತ್ತು ತಪ್ಪು. ಸತ್ತ ಅಮಲ್ದಾರನೂ ಕನ್ನಡದವನೇ, ಸಂಬಳಕ್ಕೆ ದುಡಿಯುತ್ತಿದ್ದವನು. ಅವನ ಪಾತ್ರವನ್ನೂ ಒಂದು ಮಗು ಮಾಡಬೇಕು, ಅವನಿಗೂ ಮಾತು ಇರಬೇಕು. ಹೊಡೆದಾಟ ಬೇಡ. ಪಂಚರ ಕೂಟ ಸಾಕು: ಕಂದಾಯ ಏಕೆ ಕೊಡುವುದಿಲ್ಲ, ಕೊಡದ ಹಣ ಯಾರ ಕೈಯಲ್ಲಿರಬೇಕು, ಒಪ್ಪದ ನೆರೆಯವನನ್ನು ಏನು ಮಾಡುವುದು. ಹುಡುಗ ಅಮಲ್ದಾರ ಇವಕ್ಕೆಲ್ಲ ಉತ್ತರ ಕೊಡುವ ಹೊತ್ತಿಗೆ ಬೆವರುತ್ತಾನೆ.

ಈ ಅಭ್ಯಾಸಗಳೆಲ್ಲ ತರಗತಿಯ ಹೊರಗೆ ಒಂದು ಕಡೆ ಹೋಗಿ ಸೇರಬಹುದು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ನೀರಗಂಟಿಯಾಗಿ, ನಾಳ್ಗಾವುಂಡಿಯಾಗಿ, ಮೂರು ಸಲ ಗೌಡನ ಮುಂದೆ ಹೋದವಳಾಗಿ ಮಾತಾಡಿದ ಮಕ್ಕಳು ಅಲ್ಲಿ ಶಾಲೆಯ ಶೌಚಾಲಯದ ನೀರಿನ ಬಗ್ಗೆ, ಬಾರದ ಬಸ್ಸಿನ ಬಗ್ಗೆ ತಮ್ಮ ಕೈಬರಹದಲ್ಲೇ ಅರ್ಜಿ ಕೊಡಲಿ. ಅರ್ಜಿಯ ಒಂದು ಪ್ರತಿಯನ್ನು ಶಾಲೆಯಲ್ಲಿಟ್ಟುಕೊಂಡು, 7ನೆಯ ತರಗತಿಯ ಹುಡುಗಿ ಶಾಲೆ ಬಿಡುವಾಗ ಅದನ್ನು 6ನೆಯವಳ ಕೈಗೆ ಕೊಡಲಿ. ಮುಂದಿನ ವರ್ಷದ ಸಭೆಯಲ್ಲಿ ಆ ಹಳೆಯ ಅರ್ಜಿಯನ್ನು ಮೊದಲು ಗಟ್ಟಿಯಾಗಿ ಓದಿ, ಇದು ಏನಾಯಿತು ಎಂದು ಕೇಳುವುದು ಅವಳ ಪಾತ್ರ.