ಹಿಡಿದೊಯ್ದ ನಾಯಕ, ನಮ್ಮೂರ ಗಣಿ

ಕಂಪ್ಯೂಟರಿನ ಕತೆಯಾಟಗಳಲ್ಲಿ ಒಂದು ಹಳೇ ತಂತ್ರ ಇದೆ: ನಾವು ಆಡಿಸುವ ನಾಯಕನನ್ನೇ ಯಾರೋ ಹಿಡಿದೊಯ್ಯುತ್ತಾರೆ. 2011ರ 'ಸ್ಕೈರಿಮ್' ಶುರುವಾಗುವುದೇ ಕೈ ಕಟ್ಟಿದ ಕೈದಿಯಾಗಿ, ಗಾಡಿಯಲ್ಲಿ. 2023ರ 'ಬಾಲ್ಡರ್ಸ್ ಗೇಟ್ 3'ರಲ್ಲಂತೂ ಅಪಹರಿಸಿ ತಲೆಯೊಳಗೆ ಹುಳ ಬಿಟ್ಟಿರುತ್ತಾರೆ! ಕೈಯಲ್ಲಿ ಏನೂ ಇಲ್ಲ. ತಪ್ಪಿಸಿಕೊಳ್ಳುತ್ತಲೇ ಆಟ ಕಲಿಯಬೇಕು.

ನಮಗೇನು ಇದು ಹೊಸದೇ? ಮೈರಾವಣ ರಾಮಲಕ್ಷ್ಮಣರನ್ನೇ ಪಾತಾಳಕ್ಕೆ ಹೊತ್ತೊಯ್ದ ಕತೆ ಬಯಲಾಟದಲ್ಲಿದೆ. 2018ರ 'ಕೆಜಿಎಫ್' ಸಿನಿಮಾದಲ್ಲೂ ರಾಕಿ ನರಾಚಿ ಗಣಿಗೆ ನುಗ್ಗುವುದು ಹಿಡಿದು ತಂದ ಗುಲಾಮರ ನಡುವೆ ಸೇರಿಕೊಂಡು.

ನಮ್ಮ ತಕರಾರು ಇರುವುದು ಇಲ್ಲೇ. ಚಾಂಪಿಯನ್ ರೀಫ್ಸ್‌ನ ಕಾರ್ಮಿಕರನ್ನು ಹಾಗೆ ಕದ್ದು ತಂದದ್ದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಡವರು ಕೂಲಿ ಹುಡುಕಿಕೊಂಡು ಬಂದರು. ಹೆಚ್ಚಿನವರು ದಲಿತರು. ಊರಲ್ಲಿ ಹಸಿವು, ಜಾತಿಯ ಕಾಟ. ಇಲ್ಲಿ ಕತ್ತಲೆ, ಸೆಕೆ, ಬಂಡೆ ಸಿಡಿತ. ಗಣಿ ಕೊನೆಗೆ 3 ಕಿಲೋಮೀಟರಿಗೂ ಆಳಕ್ಕಿಳಿಯಿತು. ಆದರೂ 1930ರಲ್ಲಿ ಬೆರಳಚ್ಚು ಕೊಡಿ ಎಂದಾಗ, ನಾವೇನು ಕಳ್ಳರೇ ಎಂಬಂತೆ ಸಾವಿರಾರು ಜನ ಮುಷ್ಕರ ಹೂಡಿದರು.

ಸಿನಿಮಾದ ಗುಲಾಮರಿಗೆ ಹೊರಗಿನಿಂದ ಒಬ್ಬ ರಾಕಿ ಬೇಕಾಯಿತು. ಇವರು ತಾವೇ ಎದ್ದು ನಿಂತಿದ್ದರು.